ಅನ್ನ ಬಿಟ್ಟೆ, ರಾಗಿ ಹಿಡಿದೆ, ಆದ್ರೂ ಸುಸ್ತು ಬಿಡ್ತಿಲ್ಲ ಮೇಡಂ

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 42 ವರ್ಷ, ತುಮಕೂರಿಂದ ದಿನಾ ಟ್ರೇನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರ್ತೀನಿ. ಬೆಳಗ್ಗೆ 5ಕ್ಕೆ ಎದ್ರೆ ಮಲಗೋದು ಹನ್ನೊಂದೂವರೆ. ಮೂರು ತಿಂಗಳ ಹಿಂದೆ ಹೆಲ್ತ್ ಚೆಕಪ್ ಮಾಡಿಸಿದಾಗ ಎಚ್‌ಬಿಎ1ಸಿ 6.1, ಫಾಸ್ಟಿಂಗ್ ಶುಗರ್ 108, ಹಿಮೋಗ್ಲೋಬಿನ್ 9.6 ಬಂತು. ತೂಕ 68 ಕೆಜಿ, ಎತ್ತರ 5 ಅಡಿ 2 ಇಂಚು. ನಮ್ಮಪ್ಪನಿಗೆ ಶುಗರ್ ಜಾಸ್ತಿಯಾಗಿ ಕಾಲಿನ ಬೆರಳು ತೆಗೆದಿದ್ರು, ಅದು ಕಣ್ಮುಂದೆ ಇರೋದ್ರಿಂದ ಅವತ್ತೇ ಅನ್ನ ಬಿಟ್ಟೆ. ಈಗ ಬೆಳಗ್ಗೆ ರಾಗಿ ರೊಟ್ಟಿ ಚಟ್ನಿ, ಮಧ್ಯಾಹ್ನ ಡಬ್ಬಿಗೆ ಮುದ್ದೆ ತಿಳಿಸಾರು, ರಾತ್ರಿ ಒಂದು ಲೋಟ ರಾಗಿ ಗಂಜಿ ಅಷ್ಟೇ. ಟೀಗೆ ಸಕ್ಕರೆ ಬದಲು ಬೆಲ್ಲ. ಟ್ರೇನಲ್ಲಿ ಫ್ರೆಂಡ್ಸ್ ಹೇಳಿದ್ರು ಅಂತ ಬೆಳಗ್ಗೆ ಹಾಗಲಕಾಯಿ ಜ್ಯೂಸ್ ಬೇರೆ. 3 ಕೆಜಿ ಇಳಿದಿದ್ದೀನಿ, ಆದ್ರೆ ಕೂದಲು ಉದುರ್ತಿದೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ರಾತ್ರಿ ಹತ್ತು ಗಂಟೆಗೆ ಕೈ ತಾನಾಗೇ ಮಿಕ್ಸ್ಚರ್ ಡಬ್ಬಿಗೆ ಹೋಗುತ್ತೆ. ಭಾನುವಾರ ಎಲ್ರೂ ಬಿರಿಯಾನಿ ತಿಂತಿದ್ರೆ ನಾನು ರೂಮಲ್ಲಿ ಕೂತು ಗಂಜಿ ಕುಡೀತೀನಿ. ಯುಗಾದಿಗೆ ತಡೀಲಾರ್ದೆ ನಾಲ್ಕು ಒಬ್ಬಟ್ಟು ತಿಂದು ಮಾರನೇ ದಿನ ಪೂರ್ತಿ ಉಪವಾಸ ಮಾಡಿದೆ. ಅತ್ತೆ "ಅನ್ನ ಬಿಟ್ರೆ ಶಕ್ತಿ ಎಲ್ಲಿಂದ ಬರುತ್ತಮ್ಮ" ಅಂತ ದಿನಾ ಬೈತಾರೆ. ಇನ್ನು ಜೀವನಪೂರ್ತಿ ಹಿಂಗೇನಾ? ಊಟ ಅಂದ್ರೆ ಖುಷಿ ಪಡ್ತಿದ್ದವಳು ನಾನು, ಈಗ ತಟ್ಟೆ ನೋಡಿದ್ರೆ ಭಯ ಆಗುತ್ತೆ.

ಉತ್ತರ: ನಿಮ್ಮ ಪತ್ರ ಓದ್ತಾ ನನ್ನ ಕಣ್ಣು ನಿಂತಿದ್ದು ಆ 9.6 ಮೇಲೆ. ನೀವು ಅದನ್ನ ಅರ್ಧ ಸಾಲಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ತಪ್ಪು ನಿಮ್ಮದಲ್ಲ, ರಿಪೋರ್ಟ್ ಕೈಗೆ ಬಂದ ತಕ್ಷಣ ನಮ್ಮಲ್ಲಿ ಎಲ್ರೂ ನೋಡೋದು ಶುಗರ್ ಮತ್ತೆ ಕೊಲೆಸ್ಟ್ರಾಲ್ ಎರಡೇ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದ್ರೂ ಇರಬೇಕು, ನಿಮ್ಮದು 9.6. ಮೆಟ್ಟಿಲು ಹತ್ತಿದ್ರೆ ಏದುಸಿರು, ಕೂದಲು ಉದುರೋದು, ಸುಸ್ತು, ಇದೆಲ್ಲಾ ಅನ್ನ ಬಿಟ್ಟಿದ್ದಕ್ಕೆ ಬಂದಿದ್ದು ಅಂತ ಅತ್ತೆಯವರು ಅಂದ್ಕೊಂಡಿರಬಹುದು, ಶುಗರ್ ಲಕ್ಷಣ ಅಂತ ನೀವು ಅಂದ್ಕೊಂಡಿರಬಹುದು, ನಂಗೆ ಮೊದಲು ಅನುಮಾನ ಬರೋದು ರಕ್ತ ಕಮ್ಮಿ ಇರೋದರ ಮೇಲೆ.

ಇನ್ನೂ ಒಂದು ವಿಷ್ಯ ಇದೆ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಎಚ್‌ಬಿಎ1ಸಿ ಅನ್ನೋದು ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅಂತ ಅಳೆಯೋ ಟೆಸ್ಟು. ಒಂದು ಕಣ ಸುಮಾರು 120 ದಿನ ಬದುಕುತ್ತೆ, ಅದಕ್ಕೇ ಇದನ್ನ ಮೂರು ತಿಂಗಳ ಸರಾಸರಿ ಅಂತೀವಿ. ಕಬ್ಬಿಣದ ಕೊರತೆಯಿಂದ ರಕ್ತ ಕಮ್ಮಿಯಾದವರಲ್ಲಿ ಈ ನಂಬರ್ರು ನಿಜವಾಗಿ ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸೋ ಸಾಧ್ಯತೆ ಇದೆ. ಅಂದ್ರೆ ನಿಮ್ಮ 6.1ರಲ್ಲಿ ಶುಗರ್ ಪಾಲೆಷ್ಟು, ರಕ್ತಹೀನತೆ ಪಾಲೆಷ್ಟು ಅಂತ ಈ ಒಂದು ಕಾಗದ ನೋಡಿ ಹೇಳಕ್ಕಾಗಲ್ಲ. ಹಂಗಂತ ನಿರಾಳವಾಗಿ ಬಿಡಬೇಡಿ, ಫಾಸ್ಟಿಂಗ್ 108 ಇದೆ, ಅಪ್ಪನಿಗೆ ಇತ್ತು, ಸೊಂಟದ ಅಳತೆ ನೀವು ಬರೆದಿಲ್ಲ ಆದ್ರೆ 80 ಸೆಂಟಿಮೀಟರ್ ದಾಟಿರಬಹುದು ಅಂತ ನನ್ನ ಅಂದಾಜು. ಎಚ್‌ಬಿಎ1ಸಿ 5.7ರಿಂದ 6.4ರ ತನಕ ಇದ್ರೆ ಡಯಾಬಿಟಿಸ್ ಮುಂಚಿನ ಹಂತ, 6.5 ಮತ್ತು ಮೇಲೆ ಇದ್ರೆ ಡಯಾಬಿಟಿಸ್. ನೀವು ಬೇಲಿ ಪಕ್ಕ ನಿಂತಿದ್ದೀರಿ, ದಾಟಿಲ್ಲ. ನೀವೊಬ್ರೇ ಅಲ್ಲ, 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಂಡಿಯಾಬ್ ಅನ್ನೋ ಡಯಾಬಿಟಿಸ್ ಸರ್ವೆ ಪ್ರಕಾರ ದೇಶದಲ್ಲಿ 13 ಕೋಟಿಗೂ ಹೆಚ್ಚು ಜನ ಇದೇ ಬೇಲಿ ಪಕ್ಕ ಇದ್ದಾರೆ.

ಹಾಗಾಗಿ ಊಟದ ಮಾತಿಗಿಂತ ಮುಂಚೆ ಡಾಕ್ಟ್ರ ಹತ್ರ ಹೋಗಿ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು), ವಿಟಮಿನ್ ಬಿ12, ಥೈರಾಯ್ಡ್ ಟೆಸ್ಟ್ ಬಗ್ಗೆ ಕೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದ್ರೆ ನಾಚಿಕೊಳ್ದೆ ಅದನ್ನೂ ಹೇಳಿ, ನಿಮ್ಮ ವಯಸ್ಸಲ್ಲಿ ಅದೇ ಕಾರಣ ಆಗಿರೋದು ನಾನು ಬೇಜಾನ್ ಕೇಸಲ್ಲಿ ನೋಡಿದ್ದೀನಿ, ಮೂಲ ಹಾಗೇ ಬಿಟ್ಟು ಮಾತ್ರೆ ನುಂಗ್ತಾ ಇದ್ರೆ ತೂತು ಕೊಡಕ್ಕೆ ನೀರು ಹಾಕಿದಂಗೆ. ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ್ಮೇಲೆ ನೋಡೋ ಟೆಸ್ಟ್ ಮಾಡಿಸಿದ್ರೆ ಶುಗರ್ ಕಥೆ ಸರಿಯಾಗಿ ಗೊತ್ತಾಗುತ್ತೆ, ಅದಕ್ಕೆ ರಕ್ತಹೀನತೆ ಅಷ್ಟಾಗಿ ಅಡ್ಡ ಬರಲ್ಲ. ಬಸುರಿಯಾಗಿದ್ದಾಗ ಶುಗರ್ ಬಂದಿತ್ತಾ ಅನ್ನೋದನ್ನೂ ಡಾಕ್ಟ್ರಿಗೆ ಹೇಳಿ, ಅದು ಮುಖ್ಯ.

ಈಗ ರಾಗಿ ವಿಷ್ಯಕ್ಕೆ ಬರೋಣ. ನಾನೂ ರಾಗಿ ತಿಂದೇ ಬೆಳೆದವಳು, ರಾಗಿ ಬಗ್ಗೆ ಕೆಟ್ಟದ್ದು ಹೇಳೋ ಧೈರ್ಯ ತುಮಕೂರಿನವರ ಮುಂದಂತೂ ನಂಗಿಲ್ಲ. ಆದ್ರೆ "ರಾಗಿಯಲ್ಲಿ ಶುಗರ್ ಇಲ್ಲ" ಅನ್ನೋದು ಶುದ್ಧ ಸುಳ್ಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟ, ಅಕ್ಕಿಯಲ್ಲಿ 78. ಪ್ರೋಟೀನ್ ಎರಡರಲ್ಲೂ 7-8 ಗ್ರಾಂ, ಅದರಲ್ಲಿ ಅಕ್ಕಿಯೇ ಒಂದು ಕೂದಲೆಳೆ ಮುಂದೆ. ರಾಗಿ ಗೆಲ್ಲೋದು ನಾರಿನಲ್ಲಿ, 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ ಮೂರೂ ಇಲ್ಲ. ಮತ್ತೆ ಕ್ಯಾಲ್ಸಿಯಂ, ಅದರಲ್ಲಿ ರಾಗಿಗೆ ಸರಿಸಾಟಿ ಧಾನ್ಯ ಇಲ್ಲ, 364 ಮಿಲಿಗ್ರಾಂ. ಒಳ್ಳೇ ಧಾನ್ಯ ಹೌದು, ಆದ್ರೂ ಧಾನ್ಯಾನೇ.

ನನ್ನ ಟೇಬಲ್ ಮೇಲೆ ಒಂದು ಅಡುಗೆ ತಕ್ಕಡಿ ಇಟ್ಕೊಂಡಿದ್ದೀನಿ. ಒಂದ್ಸಲ ಒಬ್ರು "ನಾನು ಅನ್ನ ಮುಟ್ಟಲ್ಲ ಮೇಡಂ, ಒಂದೇ ಒಂದು ಮುದ್ದೆ" ಅಂದ್ರು, ನಾಳೆ ಬರ್ತಾ ಆ ಮುದ್ದೆ ತನ್ನಿ ಅಂದೆ. ಸ್ಟೀಲ್ ಡಬ್ಬಿ ಮುಚ್ಚಳ ತೆಗೆದ್ರೆ ಡಬ್ಬಿ ತುಂಬಾ ಮುದ್ದೆ, ಅಂಚಿಗೆ ಒಂದು ಬೆರಳು ಇಡೋಷ್ಟೂ ಜಾಗ ಇಲ್ಲ. ತೂಗಿದ್ರೆ 410 ಗ್ರಾಂ. ಹಿಟ್ಟು ಎಷ್ಟು ಹಾಕ್ತೀರಿ ಅಂತ ಅವರ ಮನೆಯವರಿಗೆ ಫೋನ್ ಮಾಡಿ ಕೇಳಿದ್ರೆ ಒಂದೂವರೆ ಪಾವಿನ ಲೆಕ್ಕ ಹೇಳಿದ್ರು! ಸಾಧಾರಣ ಗಾತ್ರದ ಮುದ್ದೆಗೇ ಹೆಚ್ಚುಕಮ್ಮಿ 100 ಗ್ರಾಂ ಹಿಟ್ಟು ಹೋಗುತ್ತೆ, ಅಂದ್ರೆ 67 ಗ್ರಾಂ ಪಿಷ್ಟ. ಒಂದು ಸಣ್ಣ ಕಪ್ ಅನ್ನ, 50 ಗ್ರಾಂ ಅಕ್ಕಿದು ಅಂದ್ಕೊಳ್ಳಿ, ಅದರಲ್ಲಿ 39. ಲೆಕ್ಕ ನೀವೇ ಹಾಕಿ, ಒಂದು ಮುದ್ದೆ ಹತ್ತತ್ರ ಎರಡು ಕಪ್ ಅನ್ನಕ್ಕೆ ಸಮ. ಹೊಲದಲ್ಲಿ ಸಂಜೆ ತನಕ ಬಗ್ಗಿ ಕೆಲಸ ಮಾಡಿದ ತಾತಂದಿರಿಗೆ ಎರಡು ಮುದ್ದೆ ಕರಗ್ತಿತ್ತು, ನಾವು ಮುದ್ದೆ ಮಾತ್ರ ಅವರಿಂದ ಇಸ್ಕೊಂಡ್ವಿ, ಹೊಲ ಇಸ್ಕೊಳ್ಲಿಲ್ಲ.

ಗಂಜಿ ಇನ್ನೂ ಒಂದು ಕೈ ಮೇಲೆ. ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಕುದಿಸಿ ನೀರಾಗಿಸಿದ್ದು, ಜಗಿಯೋ ಕೆಲಸಾನೇ ಇಲ್ಲ, ಗಟಗಟ ಇಳಿಯುತ್ತೆ, ಶುಗರ್ ಬೇಗ ಏರಿ ಬೇಗ ಇಳಿಯುತ್ತೆ, ಎರಡೇ ಗಂಟೆಯಲ್ಲಿ ಹೊಟ್ಟೆ ಖಾಲಿ. ಹತ್ತು ಗಂಟೆಗೆ ಕೈ ಮಿಕ್ಸ್ಚರ್ ಡಬ್ಬಿಗೆ ಹೋಗೋದು ನಿಮ್ಮ ಮನಸ್ಸು ಗಟ್ಟಿ ಇಲ್ದೇ ಅಲ್ಲ, ಎಂಟು ಗಂಟೆಗೆ ಊಟ ಅಂತ ನೀವು ಮಾಡಿದ್ದು ಊಟಾನೇ ಆಗಿರಲಿಲ್ಲ. ಎರಡು ಹಿಡಿ ಮಿಕ್ಸ್ಚರ್ ಅಂದ್ರೆ 50 ಗ್ರಾಂ, 250 ಕ್ಯಾಲೊರಿ ದಾಟುತ್ತೆ, ನೀವು ಬಿಟ್ಟ ಅನ್ನಕ್ಕಿಂತ ಅದೇ ದುಬಾರಿ.

ನೀವು ಬರೆದ ಇಡೀ ದಿನದ ಊಟ ಕೂಡಿಸಿ ನೋಡಿದೆ, ಪ್ರೋಟೀನ್ 25-30 ಗ್ರಾಂ ದಾಟಲ್ಲ. 65 ಕೆಜಿ ತೂಕಕ್ಕೆ 54 ಗ್ರಾಂ ಆದ್ರೂ ಬೇಕು. ಇಳಿದ ಆ 3 ಕೆಜಿಯಲ್ಲಿ ಕೊಬ್ಬಿನ ಜೊತೆ ಮಾಂಸಖಂಡಾನೂ ಸೇರಿರುತ್ತೆ ಅನ್ನೋ ಭಯ ನಂಗೆ. ಊಟದ ಸಕ್ಕರೆಯನ್ನ ಹೀರಿಕೊಳ್ಳೋ ದೊಡ್ಡ ಗೋದಾಮು ಮಾಂಸಖಂಡ, ಅದನ್ನೇ ಕರಗಿಸಿಕೊಂಡು ಶುಗರ್ ಇಳಿಸ್ತೀನಿ ಅಂದ್ರೆ ಹೆಂಗೆ. ಅತ್ತೆಯವರ ಮಾತು ಅರ್ಧ ಸರಿ ನೋಡಿ. ಶಕ್ತಿ ಕಮ್ಮಿ ಆಗಿರೋದು ನಿಜ, ಅನ್ನದಿಂದ ಅಲ್ಲ ಅಷ್ಟೇ. ಇನ್ನೊಂದು, ರಾಗಿಯಲ್ಲಿ ಸಹಜವಾಗೇ ಇರೋ ಫೈಟೇಟು, ಟ್ಯಾನಿನ್ನು ಅನ್ನೋ ಅಂಶಗಳು ಮೈ ಕಬ್ಬಿಣ ಹೀರಿಕೊಳ್ಳೋದಕ್ಕೆ ಅಡ್ಡಿ, ಮೂರೂ ಹೊತ್ತು ಬರೀ ರಾಗಿ, ಮೇಲಿಂದ ತಿಂದ ತಕ್ಷಣ ಟೀ, ಹಿಮೋಗ್ಲೋಬಿನ್ ಮೇಲೇಳೋದು ಕಷ್ಟ.

ಬೆಲ್ಲ, ಹಾಗಲಕಾಯಿ ಎರಡನ್ನೂ ಬೇಗ ಮುಗಿಸ್ತೀನಿ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆ ಅಂಶಾನೇ, ಇನ್ಸುಲಿನ್ ತಯಾರಿಸೋ ನಿಮ್ಮ ಮೇದೋಜ್ಜೀರಕ ಗ್ರಂಥಿಗೆ ಅದು ಬೆಲ್ಲನೋ ಸಕ್ಕರೆನೋ ಅಂತ ಗೊತ್ತಾಗಲ್ಲ, "ಬೆಲ್ಲದಲ್ಲಿ ಐರನ್ ಇದೆ" ಅನ್ನೋರಿಗೆ ಒಂದು ಚಮಚದಲ್ಲಿ ಎಷ್ಟಿರುತ್ತೆ ಅಂತ ಕೇಳಿ. ರುಚಿಗೆ ಇಷ್ಟ ಅಂದ್ರೆ ಹಾಕ್ಕೊಳ್ಳಿ, ಔಷಧಿ ಅಂತ ಬೇಡ. ಹಾಗಲಕಾಯಿ ಜ್ಯೂಸ್ ನಂಬಿಕೊಂಡು ಶುಗರ್ ತಡೆಯಕ್ಕಾಗಲ್ಲ, ಶುಗರ್ ಮಾತ್ರೆ ತಗೊಳ್ಳೋರು ಅದರ ಜೊತೆ ಕುಡಿದು ಲೋ ಶುಗರ್ ಆಗಿ ತಲೆ ಸುತ್ತಿ ಬಿದ್ದಿರೋದೂ ಇದೆ. ಹಾಗಲಕಾಯಿ ಗೊಜ್ಜು ಮಾಡ್ಕೊಂಡು ತಿನ್ನಿ, ಆ ಹಸಿರು ನೀರಿಗಿಂತ ಎಷ್ಟೋ ವಾಸಿ.

ಹಾಗಾದ್ರೆ ಏನು ಮಾಡ್ಬೇಕು? ನಿಮ್ಮ ಮುಂದೆ ಮೂರ್ನಾಲ್ಕು ದಾರಿ ಇದೆ.

ಈಗ ಮಾಡ್ತಿರೋದನ್ನೇ ಗಟ್ಟಿಯಾಗಿ ಮುಂದುವರಿಸಬಹುದು, ಅನ್ನವೂ ಇಲ್ಲ ಹಬ್ಬವೂ ಇಲ್ಲ. ತೂಕ ಬೇಗ ಇಳಿಯುತ್ತೆ, ಸುಳ್ಳು ಹೇಳಲ್ಲ. ಆದ್ರೆ ಇಪ್ಪತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಮನೇಲಿ ಒಬ್ಬರಿಗೋಸ್ಕರ ಬೇರೆ ಪಾತ್ರೆ ಒಲೆ ಮೇಲೆ ಕೂತ್ರೆ ಆ ಡಯಟ್ ಮೂರ್ನಾಲ್ಕು ತಿಂಗಳಿಗಿಂತ ಮುಂದೆ ಹೋಗಿರೋದು ತೀರಾ ಕಮ್ಮಿ. ನಿಮ್ಮ ನಾಲ್ಕು ಒಬ್ಬಟ್ಟು, ಮಾರನೇ ದಿನದ ಉಪವಾಸ, ಅದು ಮುರಿಯೋಕೆ ಶುರುವಾಗಿರೋ ಲಕ್ಷಣ. ಟ್ರೇನ್ ಫ್ರೆಂಡ್ಸಲ್ಲಿ ಯಾರಾದ್ರೂ ಈಗಾಗ್ಲೇ 16 ಗಂಟೆ ಉಪವಾಸದ ಬಗ್ಗೆ ಹೇಳಿರ್ತಾರೆ, ಕೆಲವರಿಗೆ ಅದು ಆಗಿಬರುತ್ತೆ, ಆದ್ರೆ 9.6 ಹಿಮೋಗ್ಲೋಬಿನ್ ಇಟ್ಕೊಂಡು ರಶ್ ಟ್ರೇನಲ್ಲಿ ನಿಂತು ಹೋಗೋ ನಿಮಗೆ ಈಗ ಬೇಡ್ವೇ ಬೇಡ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಇನ್ನೊಂದು ದಾರಿ, ಈ ಹಂತದಲ್ಲೂ ಕೆಲವರಿಗೆ ಡಾಕ್ಟ್ರು ಕೊಡ್ತಾರೆ, ಅದು ಸೋಲು ಅಂತ ಅಂದ್ಕೋಬೇಡಿ, ವರ್ಷಗಟ್ಲೆ ತಗೊಂಡ್ರೆ ಬಿ12 ಕಮ್ಮಿ ಆಗಬಹುದು ಅನ್ನೋದು ನೆನಪಿರಲಿ. ಆ ತೀರ್ಮಾನ ಡಾಕ್ಟ್ರದ್ದು, ನನ್ನದಲ್ಲ.

ನಾನು ಹೇಳೋ ದಾರಿ, ಎಲ್ರೂ ತಿನ್ನೋ ಅಡುಗೇನೇ ತಿನ್ನಿ, ತಟ್ಟೆಯಲ್ಲಿ ಪಾಲು ಬದಲಾಯಿಸಿ. ನಿಧಾನ ದಾರಿ ಇದು, ತಿಂಗಳಿಗೆ ಒಂದು ಕೆಜಿ ಇಳಿದ್ರೆ ಪುಣ್ಯ, ತಕ್ಷಣ ರಿಸಲ್ಟ್ ಬೇಕು ಅನ್ನೋರಿಗೆ ಬೇಜಾರಾಗಿ ಮಧ್ಯದಲ್ಲಿ ಬಿಡೋದೇ ಇದರ ರಿಸ್ಕು. ಆದ್ರೆ ಹಿಂದೆ ಗಟ್ಟಿ ಪುರಾವೆ ಇದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೇಲಿ ಪಕ್ಕ ಇದ್ದವರಿಗೆ 7 ಪರ್ಸೆಂಟ್ ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಅಂತ ಗುರಿ ಕೊಟ್ಟಿದ್ರು, ಡಯಾಬಿಟಿಸ್ ಆಗೋದು 58 ಪರ್ಸೆಂಟ್ ಕಮ್ಮಿ ಆಯ್ತು. ನಮ್ಮ ಪಕ್ಕದ ಚೆನ್ನೈನಲ್ಲಿ ಮಾಡಿ 2006ರಲ್ಲಿ ಬಂದ ಅಧ್ಯಯನದಲ್ಲಿ ಸುಮಾರು 28 ಪರ್ಸೆಂಟ್, ಅಷ್ಟು ದೊಡ್ಡದಲ್ಲ, ಆದ್ರೆ ನಮ್ಮ ಥರದ ಜನ, ನಮ್ಮ ಥರದ ಊಟ. ನಿಮಗೆ 7 ಪರ್ಸೆಂಟ್ ಅಂದ್ರೆ 5 ಕೆಜಿಗಿಂತ ಒಂಚೂರು ಕಮ್ಮಿ. ಮೂರು ಆಗ್ಲೇ ಇಳಿದಿದೆ.

ತಟ್ಟೆ ಹೆಂಗಿರಬೇಕು ಅಂತ ಹೊಸದಾಗಿ ಕಲಿಯೋದೇನೂ ಇಲ್ಲ, ನಿಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರೋ ಬಸ್ಸಾರು ತಗೊಳ್ಳಿ. ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ಅರ್ಧ ಬೆಂದಾಗ ಎರಡು ಕಟ್ಟು ಸೊಪ್ಪು ಹಾಕಿ, ಬಸಿದ ನೀರನ್ನ, ಅಂದ್ರೆ ಕಟ್ಟನ್ನ, ಬೇರೆ ಇಟ್ಕೋತೀವಿ. ಈರುಳ್ಳಿ ಬೆಳ್ಳುಳ್ಳಿ ಹುರಿದು, ಕಾಯಿತುರಿ, ಹುಣಸೆಹಣ್ಣು, ಖಾರದ ಪುಡಿ, ಜೊತೆಗೆ ಒಂದು ಸೌಟು ಅದೇ ಬೆಂದ ಕಾಳುಸೊಪ್ಪು ಹಾಕಿ ರುಬ್ಬಿ ಕಟ್ಟಿಗೆ ಬಿಟ್ಟು ಕುದಿಸಿದ್ರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ಎಲ್ಲಾ ಮನೇಲೂ ಆಗೋ ತಪ್ಪು ಏನಪ್ಪಾ ಅಂದ್ರೆ ದೊಡ್ಡ ಮುದ್ದೆ, ಸಾರು ಸುರಿಯೋಷ್ಟು, ಪಲ್ಯ ಮಾತ್ರ ಉಪ್ಪಿನಕಾಯಿ ಥರ ಅಂಚಿಗೆ ಒಂದು ಚಮಚ. ಅದನ್ನ ತಿರುಗಿಸಿ. ಕಿತ್ತಳೆ ಹಣ್ಣಿನ ಗಾತ್ರದ ಮುದ್ದೆ, ಪಲ್ಯ ದೊಡ್ಡ ಬಟ್ಟಲು ತುಂಬಾ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ನಿಂಬೆಯ ಸಿ ವಿಟಮಿನ್ನಿಂದ ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ. ಟೀ ಒಂದು ಗಂಟೆ ಆಚೆ ತಳ್ಳಿ. ಡಾಕ್ಟ್ರು ಐರನ್ ಮಾತ್ರೆ ಕೊಟ್ರೆ ಅದನ್ನೂ ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ತಗೋಬೇಡಿ.

ಮುದ್ದೆ ಬದಲು ಅನ್ನ ತಿನ್ನಬೇಕು ಅನ್ಸಿದ ದಿನ ಒಂದು ಕಪ್ ಅನ್ನ ತಿನ್ನಿ. ಹೌದು, ತಿನ್ನಿ. ಎರಡೂ ಒಂದೇ ಊಟದಲ್ಲಿ ಬೇಡ, ಮುದ್ದೆ ಮುಗಿಸಿ "ಮಜ್ಜಿಗೆಗೆ ಸ್ವಲ್ಪ" ಅಂತ ಅನ್ನ ಹಾಕ್ಕೊಳ್ಳೋ ನಮ್ಮ ಕಡೆ ಅಭ್ಯಾಸ ಇದೆಯಲ್ಲ, ಅಲ್ಲೇ ಲೆಕ್ಕ ತಪ್ಪೋದು. ಮೊದಲು ಪಲ್ಯ ಕೋಸಂಬರಿ ಕಾಳು ಅರ್ಧ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದ್ರೆ ಶುಗರ್ ಏರೋದೂ ತಗ್ಗುತ್ತೆ. ಗಂಜಿ ಬಸಿದ ಅನ್ನ ತಿಂದ್ರೆ ಶುಗರ್ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಗಿ, ಪಿಷ್ಟ ಬಹುಪಾಲು ಅಗುಳಲ್ಲೇ ಉಳಿದಿರುತ್ತೆ.

ಡಬ್ಬಿಗೆ ಬಸ್ಸಾರು ಕಷ್ಟ ಅಂತ ಗೊತ್ತು, ಚೆಲ್ಲುತ್ತೆ. ಮೊಳಕೆ ಹೆಸರುಕಾಳು ಉಸ್ಲಿ ಒಂದು ಡಬ್ಬಿ, ಅನ್ನವೋ ಚಪಾತಿಯೋ ಅದಕ್ಕಿಂತ ಚಿಕ್ಕ ಡಬ್ಬಿ, ಒಂದು ಸೌತೆಕಾಯಿ ಇಡೀದಾಗಿ. ಮೊಟ್ಟೆ ತಿನ್ನೋರಾದ್ರೆ (ಬಿರಿಯಾನಿ ಮನೇಲಿ ಆಗುತ್ತೆ ಅಂದ್ಮೇಲೆ ತಿಂತೀರಿ ಅಂದ್ಕೊಂಡಿದ್ದೀನಿ) ಬೆಳಗ್ಗೆ ರೊಟ್ಟಿ ಜೊತೆ ಎರಡು ಬೇಯಿಸಿದ ಮೊಟ್ಟೆ, ಅಲ್ಲಿಗೇ 12 ಗ್ರಾಂ ಪ್ರೋಟೀನ್ ಆಯ್ತು. ರೊಟ್ಟಿಗೆ ಬರೀ ಕಾಯಿ ಚಟ್ನಿ ಬದಲು ಹುರಿಗಡಲೆಯದ್ದೋ, ಉತ್ತರ ಕರ್ನಾಟಕದವರ ಥರ ಶೇಂಗಾ ಚಟ್ನಿಪುಡಿ ಮೊಸರೋ ಇರಲಿ. ಸಂಜೆ ಸ್ಟೇಷನ್ನಲ್ಲಿ ಹಸಿವಾದ್ರೆ ಬ್ಯಾಗಲ್ಲಿ ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ ಇದ್ರೆ ಮನೆಗೆ ಬಂದು ಡಬ್ಬಿ ಹುಡುಕೋದು ಅರ್ಧ ಕಮ್ಮಿ ಆಗುತ್ತೆ. ರಾತ್ರಿ ಗಂಜಿ ನಿಲ್ಲಿಸಿ, ಎಲ್ರ ಜೊತೆ ಕೂತು ಊಟ ಮಾಡಿ, ಕೂತು ಅಂದೆ. ನಮ್ಮ ಹೆಂಗಸರು ಎಲ್ರಿಗೂ ಬಡಿಸಿ, ಆಮೇಲೆ ಅಡುಗೆಮನೆ ಕಟ್ಟೆ ಹತ್ರ ನಿಂತು ಮಕ್ಕಳು ಬಿಟ್ಟಿದ್ದನ್ನ "ಯಾಕೆ ಚೆಲ್ಲೋದು" ಅಂತ ಬಾಯಿಗೆ ಹಾಕ್ಕೊಳ್ಳೋದನ್ನ ನಾನು ಡಯಟ್ ಶೀಟಲ್ಲಿ ಬರೀಬೇಕು ಅಂದ್ರೆ ಯಾರೂ ಒಪ್ಪಿಕೊಳ್ಳಲ್ಲ, ಕೇಳಿದ್ರೆ "ಅದೇನು ಮಹಾ ಮೇಡಂ" ಅಂತಾರೆ.

ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ತಾರಸಿ ಮೇಲೆ ಓಡಾಡಿ, ಯಜಮಾನ್ರನ್ನೂ ಎಳ್ಕೊಂಡು ಹೋಗಿ. ಊಟದ ನಂತರದ ನಡಿಗೆ ಶುಗರ್ ಏರೋದನ್ನ ತಗ್ಗಿಸುತ್ತೆ, ಜಿಮ್ ಬೇಕಿಲ್ಲ. ಈಗ ಏದುಸಿರು ಇರೋದ್ರಿಂದ ನಿಧಾನಕ್ಕೆ, ರಕ್ತ ಸರಿಯಾದ್ಮೇಲೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರೋದು ಸೇರಿಸಿ. ನಡೆಯುವಾಗ ಎದೆ ಹಿಡಿದಂಗೆ ಆದ್ರೆ, ಕೂತಾಗ್ಲೂ ಎದೆ ಬಡ್ಕೊಂಡ್ರೆ ಕಾಯಬೇಡಿ, ಅವತ್ತೇ ಡಾಕ್ಟ್ರ ಹತ್ರ. ನಿದ್ದೆ ಐದೂವರೆ ಗಂಟೆ ಆಗ್ತಿದೆ ನಿಮಗೆ. ನಿದ್ದೆ ಕಮ್ಮಿ ಆದ್ರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಹಸಿವೂ ಜಾಸ್ತಿ. ಐದು ಗಂಟೆ ಟ್ರೇನ್ ಟೈಮಿಗೋಸ್ಕರ, ಅದು ಬದಲಾಗಲ್ಲ, ಹನ್ನೊಂದೂವರೆ ಹತ್ತೂವರೆ ಆಗಬೇಕಾದ್ರೆ ಪಾತ್ರೆ ಯಾರು ತೊಳೀತಾರೆ, ನಾಳೆ ತರಕಾರಿ ಯಾರು ಹೆಚ್ಚುತ್ತಾರೆ ಅನ್ನೋದು ಮನೇಲಿ ಮಾತಾಡಬೇಕು. ಅದನ್ನ ನಾನು ಚೀಟಿಯಲ್ಲಿ ಬರೆದುಕೊಡಕ್ಕಾಗಲ್ಲ, ಬೇಕಾದ್ರೆ ಈ ಉತ್ತರಾನ ಯಜಮಾನ್ರಿಗೆ ಓದಕ್ಕೆ ಕೊಡಿ.

ಹಬ್ಬದ ಬಗ್ಗೆ. ಒಬ್ಬಟ್ಟು ತಿನ್ನಿ. ಮಧ್ಯಾಹ್ನದ ಊಟದಲ್ಲೇ, ಕೋಸಂಬರಿ ಪಲ್ಯ ಆದ್ಮೇಲೆ, ತುಪ್ಪ ಹಾಕ್ಕೊಂಡು, ಒಂದು. ಅವತ್ತು ಅನ್ನ ಎರಡು ತುತ್ತಿಗೆ ನಿಲ್ಲಿಸಿ ಒಬ್ಬಟ್ಟಿನ ಸಾರಿನ ಜೊತೆ. ಮಾರನೇ ದಿನ ಉಪವಾಸ ಬೇಡ, ಮಾಮೂಲಿ ಊಟ. ನಾಲ್ಕು ತಿಂದುಬಿಟ್ರೂ ಮಾರನೇ ದಿನ ಮಾಮೂಲಿ ಊಟಾನೇ, ಯಾಕಂದ್ರೆ ಆ ಉಪವಾಸದ ಹಸಿವೇ ಮೂರನೇ ದಿನ ಐದನೇ ಒಬ್ಬಟ್ಟು ತಿನ್ಸೋದು. ಒಂದು ದಿನದ ಒಬ್ಬಟ್ಟಿಂದ ಮೂರು ತಿಂಗಳ ಸರಾಸರಿ ಅಲ್ಲಾಡಲ್ಲ.

ಭಾನುವಾರ ರೂಮಿಂದ ಆಚೆ ಬನ್ನಿ. ಚಿಕನ್ ಪೀಸು ಮೂರು, ಈರುಳ್ಳಿ ಸೌತೆಕಾಯಿ ಮೊಸರುಬಜ್ಜಿ ಒಂದು ಬಟ್ಟಲು, ಬಿರಿಯಾನಿ ಅನ್ನ ಒಂದು ಕಪ್. ಬೇಯಿಸೋವಾಗ್ಲೇ ಎಣ್ಣೆ ಒಂದು ಸೌಟು ಕಮ್ಮಿ ಮಾಡಿದ್ರೆ ಮನೇಲಿ ಯಾರಿಗೂ ಗೊತ್ತಾಗಲ್ಲ, ನಾನು ನಮ್ಮನೇಲಿ ಎರಡು ವರ್ಷದಿಂದ ಮಾಡ್ತಿದ್ದೀನಿ, ಇನ್ನೂ ಯಾರೂ ಹಿಡಿದಿಲ್ಲ.

ಟೆಸ್ಟ್ ರಿಸಲ್ಟ್ ಬಂದ್ಮೇಲೆ ಬರೀರಿ. ಹಿಮೋಗ್ಲೋಬಿನ್ 12ರ ಹತ್ರ ಬಂದು ಮೂರು ತಿಂಗಳಾದ್ಮೇಲೆ ಎಚ್‌ಬಿಎ1ಸಿ ಇನ್ನೊಂದ್ಸಲ ಮಾಡಿಸಿ, ಆಗ ಬರೋ ನಂಬರನ್ನ ನಂಬಬಹುದು. ಆ ರಿಪೋರ್ಟ್ ಜೊತೆ ಸೊಂಟದ ಅಳತೇನೂ ಕಳಿಸಿ, ಟೇಪ್ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳ್ಕೊಳ್ದೆ.